ಮಾತ್ರೆಗೂ ಉಪಾಹಾರಕ್ಕೂ ನಡುವಣ ಒಂದು ಗಂಟೆ

ಗಡಿನಾಡಿನ ಕನ್ನಡ ಶಾಲೆಗಳ ಮಾತೃಸಂಘದ ಸಭೆ ಮುಗಿದ ಬಳಿಕ ತಾಯಂದಿರು ಪರಸ್ಪರ ಕುಶಲ ವಿಚಾರಿಸಿಕೊಳ್ಳುವಾಗ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಜೊತೆಗೆ ಈಗ ಮೂರನೆಯ ಹೆಸರೊಂದು ಸೇರಿಕೊಂಡಿದೆ. "ಅವರಿಗೆ ಥೈರಾಯ್ಡ್ ಉಂಟಂತೆ" ಎಂಬುದು ಮನೆಮನೆಯ ಮಾತಾಗಿದೆ. ವಾಸ್ತವದಲ್ಲಿ ಥೈರಾಯ್ಡ್ ಎಲ್ಲರಿಗೂ ಉಂಟು. ಅದು ರೋಗದ ಹೆಸರಲ್ಲ. ಕುತ್ತಿಗೆಯ ಮುಂಭಾಗದಲ್ಲಿ, ರೆಕ್ಕೆ ಬಿಚ್ಚಿ ಕುಳಿತ ಚಿಟ್ಟೆಯ ಆಕಾರದಲ್ಲಿರುವ ಒಂದು ಪುಟ್ಟ ಗ್ರಂಥಿಯ ಹೆಸರು. ಈ ಮಾತಿನ ಬೆನ್ನಿಗೇ ಯಾರಾದರೊಬ್ಬರ ಸಲಹೆಯೂ ಬರುತ್ತದೆ: "ದಿನಾ ಸರ್ವಾಂಗಾಸನ ಮಾಡಿದರೆ ಸಾಕು, ಮಾತ್ರೆಯ ಹಂಗು ಬೇಡ." ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳು ಅದಕ್ಕೆ ದನಿಗೂಡಿಸುತ್ತವೆ. ಈ ಸಲಹೆಯ ಅರ್ಧಭಾಗದಲ್ಲಿ ಒಳಿತಿದೆ, ಉಳಿದರ್ಧದಲ್ಲಿ ಅಪಾಯವಿದೆ. ಇವೆರಡನ್ನು ಬೇರ್ಪಡಿಸಿ ನೋಡುವುದು ಪ್ರತಿ ಕುಟುಂಬಕ್ಕೂ ಅಗತ್ಯವಾಗಿದೆ.

ಅಗತ್ಯವೇಕೆಂದರೆ ಇದು ವಿರಳ ತೊಂದರೆಯಲ್ಲ. ಬೆಂಗಳೂರು, ಮುಂಬಯಿ, ಹೈದರಾಬಾದ್, ಗೋವಾ ಸೇರಿದಂತೆ ದೇಶದ ಎಂಟು ಕಡೆ ಐದು ಸಾವಿರಕ್ಕೂ ಮಿಕ್ಕ ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಅವರಲ್ಲಿ ಶೇಕಡಾ 11ರಷ್ಟು ಮಂದಿಗೆ ಥೈರಾಯ್ಡ್ ಕೊರತೆಯಿರುವುದನ್ನು ಕಂಡಿತು. ಪುರುಷರಲ್ಲಿ ಈ ಪ್ರಮಾಣ ಶೇಕಡಾ 5ರಷ್ಟಿದ್ದರೆ ಮಹಿಳೆಯರಲ್ಲಿ ಶೇಕಡಾ 16ರ ಸಮೀಪವಿತ್ತು. ಬೆಳಗಿನ ಅಡುಗೆ, ಮಕ್ಕಳ ಬುತ್ತಿ, ಸಮವಸ್ತ್ರ ಎಲ್ಲವನ್ನೂ ನೋಡಿಕೊಳ್ಳುವ ಕೈಗಳಲ್ಲಿಯೇ ಈ ಆಯಾಸ ಹೆಚ್ಚಾಗಿ ನೆಲೆಸಿದೆ ಎಂದಾಯಿತು.

ಮೇಸ್ತ್ರಿಯ ಕೂಗು

ಥೈರಾಯ್ಡ್ ಗ್ರಂಥಿಯು ಆಹಾರದಿಂದ ದೊರೆತ ಅಯೋಡಿನ್ ಬಳಸಿ ಎರಡು ಹಾರ್ಮೋನುಗಳನ್ನು ತಯಾರಿಸುತ್ತದೆ. ನಾಲ್ಕು ಅಯೋಡಿನ್ ಪರಮಾಣುಗಳುಳ್ಳ ಥೈರಾಕ್ಸಿನ್ ಎಂಬುದು ಟಿ-4. ಮೂರು ಪರಮಾಣುಗಳುಳ್ಳದ್ದು ಟಿ-3. ದೇಹದ ಜೀವಕೋಶಗಳು ಎಷ್ಟು ವೇಗದಲ್ಲಿ ಶಕ್ತಿಯನ್ನು ವ್ಯಯಿಸಬೇಕು, ಹೃದಯ ಎಷ್ಟು ಚುರುಕಾಗಿ ಬಡಿಯಬೇಕು, ಕರುಳು ಎಷ್ಟು ಚಲಿಸಬೇಕು ಎಂಬುದರಲ್ಲೆಲ್ಲ ಇವುಗಳ ಕೈವಾಡವಿದೆ. ಈ ಗ್ರಂಥಿಯ ಮೇಲೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ನಿಗಾ ಇರುತ್ತದೆ. ಪಿಟ್ಯುಟರಿಯು ಕಳುಹಿಸುವ ಆಜ್ಞೆಯೇ ಟಿಎಸ್‌ಎಚ್.

ತೋಟದಲ್ಲಿ ಕೆಲಸ ನಿಧಾನವಾದಷ್ಟೂ ಮೇಸ್ತ್ರಿಯ ಕೂಗು ಏರುವಂತೆ, ಥೈರಾಯ್ಡ್ ದುರ್ಬಲವಾದಷ್ಟೂ ಟಿಎಸ್‌ಎಚ್ ಏರುತ್ತದೆ. ಆದುದರಿಂದ ರಕ್ತಪರೀಕ್ಷೆಯ ವರದಿಯಲ್ಲಿ ಟಿಎಸ್‌ಎಚ್ ಅಧಿಕವಾಗಿದ್ದರೆ ಸಾಮಾನ್ಯವಾಗಿ ಥೈರಾಯ್ಡ್ ಹಾರ್ಮೋನಿನ ಕೊರತೆಯಿದೆ ಎಂದರ್ಥವೇ ಹೊರತು ಅದು ಹೆಚ್ಚಾಗಿದೆ ಎಂದಲ್ಲ. "ಥೈರಾಯ್ಡ್ ಏರಿದೆ" ಎಂದು ಹಲವರು ಹೇಳಿಕೊಳ್ಳುವುದು ಈ ತಲೆಕೆಳಗಾದ ಲೆಕ್ಕ ತಿಳಿಯದೆ. ಟಿಎಸ್‌ಎಚ್ ತೀರ ತಗ್ಗಿ ಟಿ-4 ಏರಿದ್ದರೆ ಮಾತ್ರ ಗ್ರಂಥಿಯು ಅತಿಯಾಗಿ ದುಡಿಯುತ್ತಿದೆ ಎಂದು ತಿಳಿಯಬೇಕು. ಮೊದಲನೆಯದರಲ್ಲಿ ದೇಹ ತಣ್ಣಗಾಗುತ್ತದೆ: ಆಯಾಸ, ಮಲಬದ್ಧತೆ, ಒಣಚರ್ಮ, ಕೂದಲುದುರುವಿಕೆ, ಮುಟ್ಟಿನ ಏರುಪೇರು, ತೂಕದ ಏರಿಕೆ, ಮಂಕುತನ. ಎರಡನೆಯದರಲ್ಲಿ ದೇಹ ಉರಿಯುತ್ತದೆ: ಎದೆಬಡಿತ, ಕೈನಡುಕ, ಬೆವರು, ತೂಕ ಇಳಿಕೆ, ನಿದ್ರಾಹೀನತೆ.

ಕೊರತೆಯ ಕಾರಣಗಳಲ್ಲಿ ಅಯೋಡಿನ್ ಅಭಾವ ಹಿಂದೆ ಪ್ರಮುಖವಾಗಿತ್ತು. ಹಿಮಾಲಯದ ತಪ್ಪಲಿನ ಕಾಂಗ್ಡಾ ಕಣಿವೆಯಲ್ಲಿ 1956ರಲ್ಲಿ ಆರಂಭವಾದ, ಡಾ. ವಿ. ರಾಮಲಿಂಗಸ್ವಾಮಿಯವರು ಮುನ್ನಡೆಸಿದ ಅಧ್ಯಯನವು ಅಯೋಡಿನ್ ಬೆರೆತ ಉಪ್ಪಿನಿಂದ ಗಳಗಂಡ ತಗ್ಗುವುದನ್ನು ತೋರಿಸಿಕೊಟ್ಟಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಇಂದು ವಯಸ್ಕರಲ್ಲಿ ಹೆಚ್ಚಾಗಿ ಕಾಣುವ ಕಾರಣ ಬೇರೆ. ದೇಹದ ರಕ್ಷಣಾವ್ಯವಸ್ಥೆಯೇ ತಪ್ಪಿ ತನ್ನ ಗ್ರಂಥಿಯ ಮೇಲೆ ಎರಗುವ ಈ ಸ್ಥಿತಿಯನ್ನು 1912ರಲ್ಲಿ ಜಪಾನಿನ ವೈದ್ಯ ಹಕಾರು ಹಶಿಮೊಟೊ ವಿವರಿಸಿದರು. ಅವರ ಹೆಸರೇ ಅದಕ್ಕೆ ಉಳಿದಿದೆ. ಇದು ಪುರುಷರಿಗಿಂತ ಸ್ತ್ರೀಯರಲ್ಲಿ ಎಷ್ಟೋ ಪಾಲು ಹೆಚ್ಚು.

ಮಾತ್ರೆ ಎಂದರೆ ಏನು?

1891ರಲ್ಲಿ ಇಂಗ್ಲೆಂಡಿನ ವೈದ್ಯ ಜಾರ್ಜ್ ಮರ್ರೆ, ತೀವ್ರ ಥೈರಾಯ್ಡ್ ಕೊರತೆಯಿಂದ ಊದಿಕೊಂಡು ಮಂಕಾಗಿದ್ದ 46 ವರ್ಷದ ಮಹಿಳೆಯೊಬ್ಬರಿಗೆ ಕುರಿಯ ಥೈರಾಯ್ಡ್ ಗ್ರಂಥಿಯ ರಸವನ್ನು ಕೊಟ್ಟರು. ಆಕೆ ಚೇತರಿಸಿಕೊಂಡು ಮತ್ತೆ 28 ವರ್ಷ ಬಾಳಿದರು. 1914ರ ಡಿಸೆಂಬರಿನಲ್ಲಿ ಅಮೆರಿಕದ ಎಡ್ವರ್ಡ್ ಕೆಂಡಾಲ್ ಆ ರಸದೊಳಗಿನ ಥೈರಾಕ್ಸಿನ್ನನ್ನು ಬೇರ್ಪಡಿಸಿದರು; 1927ರ ಹೊತ್ತಿಗೆ ಅದನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸುವುದು ಸಾಧ್ಯವಾಯಿತು. ಇಂದಿನ ಲಿವೋಥೈರಾಕ್ಸಿನ್ ಮಾತ್ರೆಯಲ್ಲಿರುವುದು ಗ್ರಂಥಿಯು ತಾನೇ ತಯಾರಿಸಬೇಕಾಗಿದ್ದ ಅದೇ ವಸ್ತು. ಆದುದರಿಂದ "ಒಮ್ಮೆ ಸುರುಮಾಡಿದರೆ ಚಟವಾಗುತ್ತದೆ" ಎಂಬ ಭಯಕ್ಕೆ ಆಧಾರವಿಲ್ಲ. ಬಾವಿ ಬತ್ತಿದ ಮನೆಗೆ ಹೊರಗಿನಿಂದ ನೀರು ತರುವುದು ಚಟವಲ್ಲ, ಅಗತ್ಯ. ವೈದ್ಯರು ನಿಗದಿಪಡಿಸಿದ ಪ್ರಮಾಣದಲ್ಲಿ ಸೇವಿಸಿದರೆ ಅದು ದೇಹಕ್ಕೆ ಪರಕೀಯವಲ್ಲ.

ಯೋಗದ ಅಧ್ಯಯನಗಳು ಹೇಳುವುದೇನು?

ಯೋಗಾಭ್ಯಾಸವನ್ನು ಪ್ರಯೋಗಶಾಲೆಯ ಕಣ್ಣಿನಿಂದ ನೋಡುವ ಪರಿಪಾಠಕ್ಕೆ ಭಾರತದಲ್ಲಿ ಒಂದು ಶತಮಾನದ ಇತಿಹಾಸವಿದೆ. ಸ್ವಾಮಿ ಕುವಲಯಾನಂದರು 1924ರಲ್ಲಿ ಲೋಣಾವಳದಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ, ಅದೇ ವರ್ಷ 'ಯೋಗ ಮೀಮಾಂಸಾ' ಪತ್ರಿಕೆಯನ್ನು ಆರಂಭಿಸಿದರು. ಸರ್ವಾಂಗಾಸನಕ್ಕೂ ಥೈರಾಯ್ಡ್ ಗ್ರಂಥಿಗೂ ನಂಟು ಕಲ್ಪಿಸುವ ವಿವರಣೆ ಜನಪ್ರಿಯವಾದುದು ಆ ಕಾಲದಿಂದೀಚೆಗೆ. ಪ್ರಾಚೀನ ಹಠಯೋಗ ಗ್ರಂಥಗಳಲ್ಲಿ ಕಂಠವನ್ನು ಸಂಕೋಚಗೊಳಿಸುವ ಜಾಲಂಧರ ಬಂಧದ ವರ್ಣನೆ ಇದೆ. ಹಾರ್ಮೋನಿನ ಕಲ್ಪನೆ ಅಂದಿಗೆ ಇರಲಿಲ್ಲ.

ಥೈರಾಯ್ಡ್ ಕೊರತೆಯುಳ್ಳ ಮಹಿಳೆಯರನ್ನೇ ಆರಿಸಿಕೊಂಡು ನಡೆಸಿದ ಅಧ್ಯಯನಗಳು ಕೆಲವೇ ಕೆಲವು, ಅವೂ ಚಿಕ್ಕವು. 2010ರಲ್ಲಿ ಪ್ರಕಟವಾದ ಒಂದರಲ್ಲಿ 20 ಮಹಿಳೆಯರು ಮೂರು ವಾರ ಪ್ರಾಣಾಯಾಮ ಅಭ್ಯಾಸ ಮಾಡಿದಾಗ ಅವರ ಶ್ವಾಸಕೋಶದ ಸಾಮರ್ಥ್ಯ ಸುಧಾರಿಸಿತು. 2011ರ ಮತ್ತೊಂದರಲ್ಲಿ 20 ಮಹಿಳೆಯರ ಜೀವನ ಗುಣಮಟ್ಟವನ್ನು ಅಳೆದಾಗ ಒಂದು ತಿಂಗಳ ಯೋಗದ ಬಳಿಕ ಉತ್ತಮ ಅಂಕಗಳು ದೊರೆತವು. ಇವೆರಡೂ ಹಿತವಾದ ಸಂಗತಿಗಳೇ. ಆದರೆ ಹಾರ್ಮೋನಿನ ಪ್ರಶ್ನೆಗೆ ಇವು ಉತ್ತರವಲ್ಲ.

ಆ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡದ್ದು ಬೆಂಗಳೂರಿನ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಾಯೋಗಿಕ ಅಧ್ಯಯನ. 30ರಿಂದ 40 ವರ್ಷದೊಳಗಿನ 22 ಗೃಹಿಣಿಯರು ಆರು ತಿಂಗಳ ಕಾಲ ಯೋಗಾಭ್ಯಾಸ ಮಾಡಿದರು. ಅವರ ಕೊಲೆಸ್ಟರಾಲ್ ಮತ್ತು ಟ್ರೈಗ್ಲಿಸರೈಡ್ ಗಮನಾರ್ಹವಾಗಿ ಇಳಿದವು. ಥೈರಾಕ್ಸಿನ್ ಔಷಧದ ಪ್ರಮಾಣವೂ ಇಳಿದುದಾಗಿ ವರದಿ ತಿಳಿಸುತ್ತದೆ. ಟಿಎಸ್‌ಎಚ್ ಕೂಡ ಸ್ವಲ್ಪ ತಗ್ಗಿತು. ಆದರೆ ಆ ಇಳಿಕೆ ಆಕಸ್ಮಿಕವಲ್ಲ ಎಂದು ಸಂಖ್ಯಾಶಾಸ್ತ್ರದ ಪ್ರಕಾರ ಹೇಳುವಷ್ಟು ದೊಡ್ಡದಾಗಿರಲಿಲ್ಲ. ಲಕ್ನೋದಲ್ಲಿ ಮುಟ್ಟಿನ ತೊಂದರೆಯಿದ್ದ 150 ಮಹಿಳೆಯರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆರು ತಿಂಗಳ ಯೋಗನಿದ್ರೆಯ ಬಳಿಕ ಟಿಎಸ್‌ಎಚ್ ಇಳಿದಿತ್ತು. ಆದರೆ ಆ ಮಹಿಳೆಯರನ್ನು ಆರಿಸಿಕೊಂಡದ್ದು ಥೈರಾಯ್ಡ್ ರೋಗಿಗಳೆಂಬ ಕಾರಣಕ್ಕಲ್ಲ.

ಇಲ್ಲಿ ಸ್ವಲ್ಪ ನಿಂತು ಯೋಚಿಸುವುದು ಒಳ್ಳೆಯದು. ಪ್ರೌಢಶಾಲೆಯ ವಿಜ್ಞಾನ ಪಾಠದಲ್ಲಿ ಗಿಡಕ್ಕೆ ಗೊಬ್ಬರ ಹಾಕಿ ಪ್ರಯೋಗ ಮಾಡುವಾಗ ಗೊಬ್ಬರ ಹಾಕದ ಇನ್ನೊಂದು ಗಿಡವನ್ನೂ ಪಕ್ಕದಲ್ಲಿ ಇಡುತ್ತಾರೆ. ಆ ಎರಡನೆಯ ಗಿಡವಿಲ್ಲದೆ ಬೆಳವಣಿಗೆಗೆ ಗೊಬ್ಬರವೇ ಕಾರಣವೋ, ಮಳೆ ಕಾರಣವೋ ಹೇಳಲಾಗದು. 22 ಗೃಹಿಣಿಯರ ಅಧ್ಯಯನದಲ್ಲಿ ಯೋಗ ಮಾಡದ ಹೋಲಿಕೆಯ ಗುಂಪು ಇರಲಿಲ್ಲ. ಫಲಿತಾಂಶಕ್ಕೆ ಬೇರೆ ಕಾರಣಗಳೂ ಇರಬಹುದು. ಥೈರಾಕ್ಸಿನ್ ಪ್ರಮಾಣವನ್ನು ದೇಹದ ತೂಕವನ್ನೂ ನೋಡಿ ನಿರ್ಧರಿಸಲಾಗುತ್ತದೆ. ಯೋಗದಿಂದ ತೂಕ ಇಳಿದರೆ ಪ್ರಮಾಣವೂ ಇಳಿಯಬಹುದು. ಒಂದು ಶಿಸ್ತಿನ ಕಾರ್ಯಕ್ರಮಕ್ಕೆ ಸೇರಿದ ಮಹಿಳೆ ಮಾತ್ರೆಯನ್ನೂ ಮರೆಯದೆ ನುಂಗುತ್ತಾಳೆ. ಅದರಿಂದಲೇ ಟಿಎಸ್‌ಎಚ್ ಸರಿಹೋಗಬಹುದು. ಇನ್ನು ಟಿಎಸ್‌ಎಚ್ ಅಲ್ಪವಾಗಿ ಏರಿ ಟಿ-4 ಸಹಜವಾಗಿಯೇ ಇರುವವರಲ್ಲಿ ಹಲವರಿಗೆ ಚಿಕಿತ್ಸೆಯಿಲ್ಲದೆಯೇ ಅದು ಮೊದಲಿನ ಮಟ್ಟಕ್ಕೆ ಮರಳುವುದುಂಟು. ಎರಡು ಮೂರು ತಿಂಗಳು ಬಿಟ್ಟು ಪುನಃ ಪರೀಕ್ಷಿಸೋಣ ಎಂದು ವೈದ್ಯರು ಹೇಳುವುದು ಇದಕ್ಕಾಗಿಯೇ. ಆ ಅವಧಿಯಲ್ಲಿ ಯೋಗ ಆರಂಭಿಸಿದವರು ಯಶಸ್ಸನ್ನೆಲ್ಲ ಯೋಗಕ್ಕೆ ಒಪ್ಪಿಸುವುದು ಸಹಜ. ಅದೇ ಮುಂದೆ ಮೊಬೈಲ್ ಸಂದೇಶವಾಗಿ ಊರೂರು ಸುತ್ತುತ್ತದೆ.

ಕಂಠವನ್ನು ಒತ್ತಿದರೆ ಗ್ರಂಥಿಗೆ ರಕ್ತ ಹರಿದು ಹಾರ್ಮೋನು ಹೆಚ್ಚುತ್ತದೆ ಎಂಬ ವಾದಕ್ಕೂ ಇದೇ ಎಚ್ಚರ ಅನ್ವಯಿಸುತ್ತದೆ. ಥೈರಾಯ್ಡ್ ಗ್ರಂಥಿ ಮೊದಲೇ ಸಮೃದ್ಧ ರಕ್ತಸಂಚಾರವುಳ್ಳದ್ದು; ಅದರ ಕೊರತೆ ಸಾಮಾನ್ಯವಾಗಿ ರಕ್ತದ ಅಭಾವದಿಂದ ಬಂದುದಲ್ಲ. ರಕ್ಷಣಾವ್ಯವಸ್ಥೆಯ ದಾಳಿಯಿಂದ ನಾಶವಾದ ಜೀವಕೋಶಗಳನ್ನು ಭಂಗಿಯೊಂದು ಮರಳಿ ಹುಟ್ಟಿಸಲಾರದು. ಮಾನಸಿಕ ಒತ್ತಡ ಇಳಿದರೆ ಟಿಎಸ್‌ಎಚ್ ಇಳಿಯುತ್ತದೆ ಎಂಬ ಮಾತೂ ಅಷ್ಟು ಸರಳವಲ್ಲ. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಅಧಿಕವಾದಾಗ ಟಿಎಸ್‌ಎಚ್ ತಗ್ಗುತ್ತದೆಯೇ ವಿನಾ ಏರುವುದಿಲ್ಲ.

ಒಂದು ಗಂಟೆಯ ಸದುಪಯೋಗ

ಹಾಗಾದರೆ ಯೋಗ ವ್ಯರ್ಥವೇ? ಖಂಡಿತ ಅಲ್ಲ. ಥೈರಾಯ್ಡ್ ಕೊರತೆ ತಂದೊಡ್ಡುವ ಕಷ್ಟಗಳ ಪಟ್ಟಿಯನ್ನು ಮತ್ತೊಮ್ಮೆ ನೋಡಿದರೆ ಯೋಗದ ಸ್ಥಾನ ಸ್ಪಷ್ಟವಾಗುತ್ತದೆ. ಬಿಗಿದ ಸ್ನಾಯು, ಜಡವಾದ ಕರುಳು, ಏರಿದ ಕೊಲೆಸ್ಟರಾಲ್, ಕುಗ್ಗಿದ ಮನಸ್ಸು, ಕೆಟ್ಟ ನಿದ್ರೆ – ಇವೆಲ್ಲ ನಿಯಮಿತ ದೇಹಚಲನೆಯಿಂದ, ದೀರ್ಘ ಉಸಿರಾಟದಿಂದ ಹಗುರವಾಗುವಂಥವು. ಮಾತ್ರೆಯಿಂದ ಟಿಎಸ್‌ಎಚ್ ಸರಿಹೋದ ಮೇಲೂ ಕೆಲವು ಮಹಿಳೆಯರಲ್ಲಿ ಆಯಾಸ ಉಳಿದುಬಿಡುತ್ತದೆ. ಅಂಥವರಿಗೆ ಯೋಗ ನಿಜವಾದ ಆಸರೆಯಾಗಬಲ್ಲದು. ಆಷಾಢದ ಮಳೆಯಲ್ಲಿ ನಡಿಗೆಗೆ ಹೊರಡಲಾಗದ ಕರಾವಳಿಯ ಮನೆಗಳಲ್ಲಿ, ಚಾಪೆ ಹಾಸುವಷ್ಟು ಜಾಗವಿದ್ದರೆ ಸಾಕಾಗುವ ಈ ವ್ಯಾಯಾಮದ ಬೆಲೆ ಇನ್ನೂ ಹೆಚ್ಚು.

ಮಾತ್ರೆಯೂ ಯೋಗವೂ ಪರಸ್ಪರ ಸ್ಪರ್ಧಿಗಳಲ್ಲ ಎಂಬುದಕ್ಕೆ ಅವೆರಡರ ನಿಯಮಗಳೇ ಸಾಕ್ಷಿ. ಲಿವೋಥೈರಾಕ್ಸಿನ್ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ, ಬರೇ ನೀರಿನೊಂದಿಗೆ ಸೇವಿಸಿ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಏನನ್ನೂ ತಿನ್ನಬಾರದು. ಯೋಗಾಭ್ಯಾಸವನ್ನೂ ಬರಿಹೊಟ್ಟೆಯಲ್ಲಿಯೇ ಮಾಡಬೇಕು. ಆದರೆ ಹೆಚ್ಚಿನ ಮನೆಗಳಲ್ಲಿ ನಡೆಯುವುದು ಬೇರೆ. ಎದ್ದೊಡನೆ ಚಹಾ ಅಥವಾ ಕಾಫಿ, ಬಳಿಕ ಮಾತ್ರೆ, ಅದರ ಬೆನ್ನಿಗೇ ದೋಸೆ; ಇಲ್ಲವೇ ಮಕ್ಕಳ ಶಾಲಾ ಬಸ್ಸು ಹೋದ ಮೇಲೆ ನೆನಪಾಗುವ ಮಾತ್ರೆ. ಕಾಫಿಯೂ ಆಹಾರವೂ ಮಾತ್ರೆ ರಕ್ತಕ್ಕೆ ಸೇರುವುದನ್ನು ತಡೆಯುತ್ತವೆ. ಪರಿಣಾಮವಾಗಿ ಟಿಎಸ್‌ಎಚ್ ಇಳಿಯುವುದಿಲ್ಲ, ವೈದ್ಯರು ಪ್ರಮಾಣ ಏರಿಸುತ್ತಾರೆ, ಮನೆಯವರು ಮಾತ್ರೆಯನ್ನು ದೂರುತ್ತಾರೆ. ಎದ್ದೊಡನೆ ನೀರಿನೊಂದಿಗೆ ಮಾತ್ರೆ, ಅನಂತರ ಮುಕ್ಕಾಲು ಗಂಟೆ ಯೋಗ, ಆಮೇಲೆ ಚಹಾ ಮತ್ತು ಉಪಾಹಾರ – ಈ ಕ್ರಮವನ್ನು ರೂಢಿಸಿಕೊಂಡರೆ ಕಾಯುವ ಹೊತ್ತೂ ವ್ಯರ್ಥವಾಗದು, ಮಾತ್ರೆಯೂ ಮರೆಯದು. ಕ್ಯಾಲ್ಸಿಯಂ ಹಾಗೂ ಕಬ್ಬಿಣಾಂಶದ ಮಾತ್ರೆಗಳಿಗೂ ಇದಕ್ಕೂ ನಡುವೆ ನಾಲ್ಕು ಗಂಟೆಗಳ ಅಂತರ ಬೇಕು.

ಆ ಹೊತ್ತಿಗೆ ಕಠಿಣ ಭಂಗಿಗಳೇ ಆಗಬೇಕೆಂದಿಲ್ಲ. ಕೈಕಾಲುಗಳ ಸಡಿಲಿಕೆ, ನಿಧಾನಗತಿಯ ಕೆಲವು ಸೂರ್ಯನಮಸ್ಕಾರ, ತಾಡಾಸನ, ಭುಜಂಗಾಸನ, ಸೇತುಬಂಧಾಸನ, ಬಳಿಕ ನಾಡೀಶೋಧನ, ಭ್ರಾಮರಿ, ಕೊನೆಗೆ ಹತ್ತು ನಿಮಿಷದ ಶವಾಸನ ಧಾರಾಳವಾಯಿತು. ಸರ್ವಾಂಗಾಸನ, ಹಲಾಸನಗಳನ್ನು ಬಲ್ಲವರ ಎದುರಿನಲ್ಲಿಯೇ ಕಲಿಯಬೇಕು. ಕುತ್ತಿಗೆನೋವು, ಅಧಿಕ ರಕ್ತದೊತ್ತಡ, ಗ್ಲಾಕೋಮಾ ಎಂಬ ಕಣ್ಣಿನ ಒತ್ತಡದ ಕಾಯಿಲೆ ಅಥವಾ ದೊಡ್ಡ ಗಳಗಂಡ ಇರುವವರು ಅವನ್ನು ಬಿಡಬೇಕು. ಹೊಸದಾಗಿ ಕಲಿಯುವ ಗರ್ಭಿಣಿಯರಿಗೂ ಅವು ಸಲ್ಲ. ಗ್ರಂಥಿಯು ಅತಿಯಾಗಿ ದುಡಿಯುತ್ತಿರುವವರಲ್ಲಿ ಹೃದಯ ಮೊದಲೇ ಓಡುತ್ತಿರುತ್ತದೆ. ಚಿಕಿತ್ಸೆಯಿಂದ ಅದು ಹತೋಟಿಗೆ ಬರುವವರೆಗೆ ಭಸ್ತ್ರಿಕಾ, ಕಪಾಲಭಾತಿ ಹಾಗೂ ವೇಗದ ಸೂರ್ಯನಮಸ್ಕಾರಗಳನ್ನು ದೂರವಿಟ್ಟು ವಿಶ್ರಾಂತಿಯ ಅಭ್ಯಾಸಗಳಿಗೆ ತೃಪ್ತಿಪಡುವುದು ಕ್ಷೇಮ.

ಎರಡು ಜೀವಗಳ ಮಾತು

ಮಾತ್ರೆ ನಿಲ್ಲಿಸುವ ಸಲಹೆ ಅತ್ಯಂತ ಅಪಾಯಕಾರಿಯಾಗುವುದು ಗರ್ಭಿಣಿಯ ಪಾಲಿಗೆ. ಮೊದಲ ಮೂರು ತಿಂಗಳಲ್ಲಿ ಶಿಶುವಿನ ಗ್ರಂಥಿ ಇನ್ನೂ ಕೆಲಸ ಆರಂಭಿಸಿರುವುದಿಲ್ಲ. ಅದರ ಮೆದುಳು ರೂಪುಗೊಳ್ಳುವುದು ತಾಯಿಯಿಂದ ಹರಿದುಬರುವ ಥೈರಾಕ್ಸಿನ್ನಿನ ಆಶ್ರಯದಲ್ಲಿ. ಆದುದರಿಂದ ಗರ್ಭ ನಿಂತಿದೆ ಎಂದು ತಿಳಿದೊಡನೆ, ಮೊದಲೇ ಮಾತ್ರೆ ಸೇವಿಸುತ್ತಿರುವ ಮಹಿಳೆ ವೈದ್ಯರನ್ನು ಕಾಣಬೇಕು. ಆಗ ಪ್ರಮಾಣವನ್ನು ಸಾಮಾನ್ಯವಾಗಿ ನಾಲ್ಕನೆಯ ಒಂದು ಭಾಗದಿಂದ ಅರ್ಧದಷ್ಟು ಏರಿಸಬೇಕಾಗುತ್ತದೆ. "ಹೊಟ್ಟೆಯಲ್ಲಿ ಮಗುವಿರುವಾಗ ಮಾತ್ರೆ ಬೇಡ" ಎಂಬ ಹಿರಿಯರ ಮಾತಿನ ಹಿಂದೆ ಪ್ರೀತಿಯಿದೆ. ಆದರೆ ಈ ಮಾತ್ರೆಯ ವಿಷಯದಲ್ಲಿ ಆ ಪ್ರೀತಿ ಮಗುವಿನ ಕಲಿಕೆಯ ಶಕ್ತಿಯನ್ನೇ ಕಸಿಯಬಹುದು. ಅಂಗನವಾಡಿಯವರೂ ಆಶಾ ಕಾರ್ಯಕರ್ತೆಯರೂ ಅತ್ತೆ-ಸೊಸೆ ಇಬ್ಬರನ್ನೂ ಕೂರಿಸಿ ಹೇಳಬೇಕಾದ ಮಾತಿದು. ಹುಟ್ಟಿದ ಮಗುವಿನ ಹಿಮ್ಮಡಿಯಿಂದ ತೆಗೆಯುವ ರಕ್ತದ ಹನಿಯ ಪರೀಕ್ಷೆಯನ್ನು ತಪ್ಪಿಸಬಾರದು. ಹುಟ್ಟಿನಿಂದಲೇ ಇರುವ ಕೊರತೆಗೆ ಮೊದಲ ಎರಡು ವಾರಗಳೊಳಗೆ ಚಿಕಿತ್ಸೆ ಆರಂಭವಾದರೆ ಮಗು ಇತರರಂತೆಯೇ ಬೆಳೆಯಬಲ್ಲದು.

ಶಾಲೆಯ ಬೆಂಚಿನಲ್ಲಿಯೂ ಈ ತೊಂದರೆ ಕುಳಿತಿರಬಹುದು. ಎತ್ತರದ ಬೆಳವಣಿಗೆ ನಿಂತು ತೂಕ ಮಾತ್ರ ಏರುವುದು, ಮುಟ್ಟು ತಡವಾಗುವುದು ಅಥವಾ ಅತಿಯಾಗುವುದು, ಕುತ್ತಿಗೆಯಲ್ಲಿ ಊತ, ಮೊದಲು ಚುರುಕಾಗಿದ್ದ ಹುಡುಗಿ ತೂಕಡಿಸತೊಡಗುವುದು – ಇವನ್ನು ಕಂಡ ಅಧ್ಯಾಪಕರು "ಸೋಮಾರಿ" ಎನ್ನುವ ಮೊದಲು ರಕ್ಷಕರಿಗೆ ತಿಳಿಸಬೇಕು. ದಣಿದ ಹುಡುಗಿಯರಿಗೆಲ್ಲ ಥೈರಾಯ್ಡ್ ತೊಂದರೆಯಿರುವುದಿಲ್ಲ. ರಕ್ತಹೀನತೆ ಅದಕ್ಕಿಂತ ಎಷ್ಟೋ ಸಾಮಾನ್ಯ. ಎರಡನ್ನೂ ಪರೀಕ್ಷೆ ಹೇಳುತ್ತದೆ. ಥೈರಾಯ್ಡ್ ಮಾತ್ರೆ ಸೇವಿಸುವ ಹುಡುಗಿಯು ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಮಧ್ಯಾಹ್ನದ ಊಟದ ಬಳಿಕ ತೆಗೆದುಕೊಂಡರೆ ಎರಡಕ್ಕೂ ತಂಟೆಯಿಲ್ಲ.

ವರದಿ ಓದುವ ಮಕ್ಕಳು

ಗಡಿನಾಡಿನ ಕನ್ನಡ ಕುಟುಂಬಗಳಿಗೆ ಇನ್ನೊಂದು ತೊಡಕಿದೆ. ಆಸ್ಪತ್ರೆಯ ಸೂಚನೆ ಒಂದು ಭಾಷೆಯಲ್ಲಿ, ಪರೀಕ್ಷೆಯ ವರದಿ ಇನ್ನೊಂದರಲ್ಲಿ, ಮನೆಯ ಮಾತು ಮತ್ತೊಂದರಲ್ಲಿ. ಕನ್ನಡದಲ್ಲಿ ಕಲಿತ ತಾಯಿ ವರದಿಯ ಹಾಳೆಯನ್ನು ಮಡಚಿ ಕಪಾಟಿನಲ್ಲಿಟ್ಟು ಸುಮ್ಮನಾಗುತ್ತಾಳೆ. ಎಂಟನೆಯ ತರಗತಿಯ ಮಗ ಅಥವಾ ಮಗಳು ಇಲ್ಲಿ ನೆರವಾಗಬಹುದು. ವರದಿಯಲ್ಲಿ ಹುಡುಕಬೇಕಾದುದು ನಾಲ್ಕೇ ಸಂಗತಿಗಳನ್ನು: ದಿನಾಂಕ, ಟಿಎಸ್‌ಎಚ್ ಅಂಕಿ, ಅದರ ಪಕ್ಕದಲ್ಲಿ ಮುದ್ರಿಸಿರುವ ಸಹಜ ಮಿತಿ ಮತ್ತು ಟಿ-4 ಅಂಕಿ. ವಯಸ್ಕರಲ್ಲಿ ಟಿಎಸ್‌ಎಚ್ ಮಿತಿ ಸಾಮಾನ್ಯವಾಗಿ 0.4ರಿಂದ 4ರ ಆಸುಪಾಸಿನಲ್ಲಿರುತ್ತದೆ. ಗರ್ಭಿಣಿಯರಿಗೆ ಬೇರೆ ಮಿತಿಯುಂಟು. ದಿನದ ಹೊತ್ತಿಗೆ ತಕ್ಕಂತೆ ಈ ಅಂಕಿ ಏರಿಳಿಯುವುದರಿಂದ ಪ್ರತಿಸಲವೂ ಬೆಳಗಿನ ಒಂದೇ ಸಮಯದಲ್ಲಿ ರಕ್ತ ಕೊಡುವುದು ಲೇಸು.

ಇವನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಕನ್ನಡದಲ್ಲಿಯೇ ಬರೆದಿಡಬಹುದು. ಮಾತ್ರೆಯ ಪ್ರಮಾಣ 25 ಮೈಕ್ರೋಗ್ರಾಮೋ, 50 ಮೈಕ್ರೋಗ್ರಾಮೋ, ತೂಕವೆಷ್ಟು, ಯೋಗ ವಾರಕ್ಕೆ ಎಷ್ಟು ದಿನ ನಡೆಯಿತು, ನಿದ್ರೆ ಹೇಗಿತ್ತು ಎಂಬ ಸಾಲುಗಳೂ ಅದರಲ್ಲಿರಲಿ. ಪ್ರಮಾಣ ಬದಲಿಸಿದ ಆರರಿಂದ ಎಂಟು ವಾರಗಳ ಬಳಿಕ ಪುನಃ ಪರೀಕ್ಷೆ ನಡೆಯಬೇಕು. ಅದಕ್ಕೆ ಮೊದಲು ಟಿಎಸ್‌ಎಚ್ ನೆಲೆಗೊಳ್ಳುವುದಿಲ್ಲ. ಯೋಗದಿಂದ ಹಿತವೆನಿಸಿ ಮಾತ್ರೆಯನ್ನು ತಗ್ಗಿಸಬಹುದೇ ಎಂಬ ಆಸೆ ಹುಟ್ಟಿದರೆ ಆ ಪುಸ್ತಕವನ್ನು ವೈದ್ಯರ ಮೇಜಿನ ಮೇಲಿಡಬೇಕು. ತಗ್ಗಿಸುವ ಅವಕಾಶವಿದ್ದರೆ ಅಂಕಿಗಳು ಹೇಳುತ್ತವೆ, ವೈದ್ಯರು ತಗ್ಗಿಸುತ್ತಾರೆ. ಇಲ್ಲವಾದರೂ ನಷ್ಟವೇನಿಲ್ಲ. ಬೆಳಗಿನ ಆ ಒಂದು ಗಂಟೆ ತಾಯಿಯ ಪಾಲಿಗೆ ಅಷ್ಟರಲ್ಲಾಗಲೇ ಸ್ವಂತದ್ದಾಗಿರುತ್ತದೆ.